ಹಳೆಯ ಮೊಬೈಲ್: ಬ್ಯಾಟರಿ ಬದಲಾಯಿಸುವುದೋ, ಹೊಸ ಫೋನ್ ಕೊಳ್ಳುವುದೋ?

ವರ್ತಕನ ಮೊಬೈಲ್ ಫೋನ್ ಇಂದು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. 2016ರಲ್ಲಿ ಯುಪಿಐ ಜಾರಿಗೆ ಬಂದ ಮೇಲೆ ಅದು ಗಲ್ಲಾಪೆಟ್ಟಿಗೆಯ ಕೆಲಸವನ್ನೂ ಮಾಡುತ್ತಿದೆ. ಬ್ಯಾಂಕಿನ ಓಟಿಪಿ, ಇ-ವೇ ಬಿಲ್, ಗಿರಾಕಿಯ ಆರ್ಡರು ಎಲ್ಲವೂ ಅದರಲ್ಲಿಯೇ. ಸಂಜೆಯ ವ್ಯಾಪಾರದ ಭರಾಟೆಯಲ್ಲಿ ಅದು ಇದ್ದಕ್ಕಿದ್ದಂತೆ ಆರಿಹೋದರೆ ವಹಿವಾಟೇ ನಿಲ್ಲುತ್ತದೆ. ಆಗ ಹಲವರು ಹೊಸ ಫೋನಿಗೆ ಮುಂದಾಗುತ್ತಾರೆ. ಆದರೆ ಅನೇಕ ವೇಳೆ ಹಳತಾಗಿರುವುದು ಫೋನಲ್ಲ, ಅದರೊಳಗಿನ ಬ್ಯಾಟರಿ ಮಾತ್ರ.

ಸವೆತದ ಲಕ್ಷಣಗಳು

ಲಿಥಿಯಂ-ಅಯಾನ್ ಬ್ಯಾಟರಿ ಬಳಸಿದಂತೆಲ್ಲ ಸವೆಯುವ ವಸ್ತು. ಕಾಲಕ್ರಮೇಣ ಅದರ ಧಾರಣ ಸಾಮರ್ಥ್ಯ ಕುಗ್ಗುತ್ತದೆ, ಆಂತರಿಕ ರೋಧ ಹೆಚ್ಚುತ್ತದೆ. ಶೇಕಡಾ 20ರಷ್ಟು ಚಾರ್ಜ್ ತೋರಿಸುತ್ತಿರುವಾಗಲೇ ಫೋನ್ ಆರಿಹೋಗುವುದಕ್ಕೆ ಈ ಎರಡನೆಯದು ಮುಖ್ಯ ಕಾರಣ. ಆಪಲ್ ಸಂಸ್ಥೆಯ ಪ್ರಕಾರ, ಐಫೋನ್ 14 ಹಾಗೂ ಅದಕ್ಕೂ ಹಿಂದಿನ ಮಾದರಿಗಳ ಬ್ಯಾಟರಿ 500 ಪೂರ್ಣ ಚಾರ್ಜುಗಳ ನಂತರ, ಐಫೋನ್ 15ರ ಮಾದರಿಗಳದು 1,000 ಚಾರ್ಜುಗಳ ನಂತರ, ಮೂಲ ಸಾಮರ್ಥ್ಯದ ಶೇಕಡಾ 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಲ್ಪಟ್ಟಿವೆ. ಅರ್ಧರ್ಧದಂತೆ ಎರಡು ಬಾರಿ ಚಾರ್ಜ್ ಮಾಡಿದರೆ ಅದು ಒಂದು ಪೂರ್ಣ ಚಾರ್ಜ್ ಎಂದು ಲೆಕ್ಕ. ಬಿಸಿಲು ಈ ಸವೆತವನ್ನು ತ್ವರಿತಗೊಳಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಸದಸ್ಯರು ಫೋನನ್ನು ವಾಹನದಲ್ಲಿ ಬಿಟ್ಟು ಹೋಗದಿರುವುದು ಲೇಸು.

ಫೋನ್ ನಿಧಾನವಾಗುವುದೂ ಬ್ಯಾಟರಿಯ ದೋಷವಿರಬಹುದು. ಬ್ಯಾಟರಿ ಸವೆದ ಕೆಲವು ಹಳೆಯ ಐಫೋನುಗಳು ಹಠಾತ್ತನೆ ಆರಿಹೋಗದಂತೆ ತಡೆಯಲು ಅವುಗಳ ವೇಗವನ್ನು ತಗ್ಗಿಸುತ್ತಿರುವುದಾಗಿ ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು.

ಲಾಭ-ನಷ್ಟದ ಲೆಕ್ಕ

ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಸ್ಥಿತಿಯನ್ನು ನೋಡಬೇಕು; ಆ ಸೌಲಭ್ಯವಿಲ್ಲದಿದ್ದರೆ ಸೇವಾ ಕೇಂದ್ರದಲ್ಲಿ ಪರೀಕ್ಷಿಸಿಸಬೇಕು. ಸಾಮರ್ಥ್ಯ ಶೇಕಡಾ 80ಕ್ಕಿಂತ ಕೆಳಗಿಳಿದಿದ್ದು, ದಿನದ ವ್ಯಾಪಾರ ಮುಗಿಯುವ ಮುನ್ನವೇ ಚಾರ್ಜ್ ಬರಿದಾಗುತ್ತಿದ್ದರೆ ಬ್ಯಾಟರಿ ಬದಲಾವಣೆಗೆ ಕಾಲ ಬಂದಿದೆ ಎಂದು ತಿಳಿಯಬಹುದು.

ಉದಾಹರಣೆಗೆ, 20,000 ರೂಪಾಯಿಯ ಹೊಸ ಫೋನ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ಬೀಳುವ ವೆಚ್ಚ 5,000 ರೂಪಾಯಿ. ಹಳೆಯ ಫೋನಿಗೆ 2,500 ರೂಪಾಯಿಯ ಬ್ಯಾಟರಿ ಹಾಕಿಸಿ ಎರಡು ವರ್ಷ ಬಳಸಿದರೆ ವರ್ಷಕ್ಕೆ 1,250 ರೂಪಾಯಿ ಮಾತ್ರ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ಆ ಫೋನಿಗೆ ತಯಾರಕರಿಂದ ಸುರಕ್ಷತಾ ಅಪ್‌ಡೇಟ್‌ಗಳು ಇನ್ನೂ ಬರುತ್ತಿರಬೇಕು. ಅವು ನಿಂತುಹೋದ ಫೋನಿನಲ್ಲಿ ಹಣದ ವ್ಯವಹಾರ ಅಪಾಯಕರ. ಅಂಥದಕ್ಕೆ ಹೊಸ ಬ್ಯಾಟರಿ ಹಾಕಿಸುವುದು ವ್ಯರ್ಥ.

ಲೆಕ್ಕ ಹಾಕಬಾರದ ಸಂದರ್ಭ

ಫೋನಿನ ಹಿಂಬದಿ ಉಬ್ಬಿದ್ದರೆ, ಪರದೆ ಚೌಕಟ್ಟಿನಿಂದ ಮೇಲೆದ್ದಿದ್ದರೆ ಯಾವ ಲೆಕ್ಕವೂ ಬೇಡ. ಊದಿದ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. ಅದನ್ನು ಚಾರ್ಜಿಗೆ ಹಾಕದೆ, ಒತ್ತದೆ, ಚುಚ್ಚದೆ ಕೂಡಲೇ ಸೇವಾ ಕೇಂದ್ರಕ್ಕೆ ಒಪ್ಪಿಸಬೇಕು.

ಅಗ್ಗದ ನಕಲಿ ಬ್ಯಾಟರಿಗೆ ಮರುಳಾಗದೆ, ರಸೀದಿ ಮತ್ತು ವಾರಂಟಿ ಪಡೆಯುವುದು ಅಗತ್ಯ. ದುರಸ್ತಿಗೆ ಕೊಡುವ ಮುನ್ನ ಮಾಹಿತಿಯ ಬ್ಯಾಕಪ್ ಮಾಡಿಕೊಂಡು ಸಿಮ್ ತೆಗೆದಿಟ್ಟುಕೊಳ್ಳಬೇಕು. ತೆಗೆದ ಬ್ಯಾಟರಿಯನ್ನು ಕಸಕ್ಕೆ ಎಸೆಯದೆ ಸಂಗ್ರಹಣಾ ಕೇಂದ್ರಕ್ಕೆ ನೀಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನೇ ವಿಧಿಸುತ್ತವೆ. ತಕ್ಕಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಿಸುವ ವರ್ತಕರು ವರ್ಷಕ್ಕೊಮ್ಮೆ ಫೋನಿನ ಬ್ಯಾಟರಿಯನ್ನೂ ಪರೀಕ್ಷಿಸಿಕೊಂಡರೆ ವ್ಯಾಪಾರದ ನಡುವೆ ಕೈಕಟ್ಟಿ ಕೂರುವ ಪ್ರಸಂಗ ಬಾರದು.