ಬಿಲ್ಲೆಯ ಮೇಲೆ ರಾಣಿ, ಸಭೆಯೊಳಗೆ ಯಾರು?

ಲೋಕಾಪುರ, ಮುಧೋಳದ ಕಡೆ ಹಳೇ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆ ತೆಗೆದರೆ ‘ರಾಣಿ ಛಾಪಿನ’ ನಾಣ್ಯ ಒಂದಾದರೂ ಸಿಕ್ಕೀತು. ವಿಕ್ಟೋರಿಯಾಳ ಮುಖ. 1877ರಿಂದ ಅದರ ಮೇಲೆ ‘ಎಂಪ್ರೆಸ್’, ಅಂದರೆ ಚಕ್ರವರ್ತಿನಿ, ಅಂತ ಅಚ್ಚಾಯಿತು. ರೋಮ್ ಇಂಥದ್ದನ್ನು 1,700 ವರ್ಷ ಮೊದಲೇ ಮಾಡಿತ್ತು. ಒಂದೇ ವ್ಯತ್ಯಾಸ: ಅಲ್ಲಿಯ ‘ಎಂಪ್ರೆಸ್’ ಆಳುವವಳಲ್ಲ, ಆಳುವವನ ಹೆಂಡತಿ.

ಕರ್ನಾಟಕದಲ್ಲಿ ಸಿಕ್ಕ ರೋಮನ್ ನಾಣ್ಯಗಳು, ಉದಾಹರಣೆಗೆ 1891ರ ಯಶವಂತಪುರದ ನಿಧಿ, ಹೆಚ್ಚಾಗಿ ಬೆಳ್ಳಿಯವು. ದೂರದ ವ್ಯಾಪಾರಕ್ಕೆ ಬೆಳ್ಳಿ, ಬಂಗಾರವೇ ಬೇಕಿತ್ತು. ಕಂಚಿನದು ಅಲ್ಲಿಯ ಸಂತೆಯ ಚಿಲ್ಲರೆ. ಬಡವರ ಕೈಯಲ್ಲಿ ಓಡಾಡುತ್ತಿದ್ದದ್ದು ಅದೇ. ಹಾಗಾಗಿ ಸರ್ಕಾರದ ಪೋಸ್ಟರ್ ಕೂಡ ಅದೇ.

ಚಕ್ರವರ್ತಿ ಆಂಟೊನೈನಸ್ ಪಯಸ್‌ನ ಹೆಂಡತಿ ಫೌಸ್ಟಿನಾ 140ರ ಹೊತ್ತಿಗೆ ತೀರಿಕೊಂಡಳು. ಸೆನೆಟ್ ಅವಳನ್ನು ದೇವತೆ ಅಂತ ಘೋಷಿಸಿತು. ಆಮೇಲೆ ಅವಳ ಹೆಸರಲ್ಲಿ ನಾಣ್ಯಗಳ ಸುರಿಮಳೆ. ಬದುಕಿದ್ದಾಗ ಅಷ್ಟು ಬಂದಿರಲಿಲ್ಲ. ಒಂದು ಬದಿ ಅವಳ ಮುಖ, ಇನ್ನೊಂದು ಬದಿ ಜುನೋ, ವೆಸ್ಟಾ, ಇಲ್ಲವೇ ತೆನೆ ಹಿಡಿದ ಸೆರೆಸ್. ಸೆರೆಸ್ ಬೆಳೆಯ ದೇವತೆ, ಸೀಗಿ ಹುಣ್ಣಿಮೆಗೆ ನಾವು ಚರಗ ಚೆಲ್ಲುವ ಭೂತಾಯಿಯ ಹಾಗೆ. ಅಕ್ಷರ ಬಾರದವನಿಗೂ ಅರ್ಥ ಆಗುತ್ತಿತ್ತು: ಅರಮನೆಯ ತಾಯಿ ಇದ್ದಾಳೆ, ಹೊಟ್ಟೆಗೆ ಚಿಂತೆಯಿಲ್ಲ.

ಮಗಳು ಕಿರಿಯ ಫೌಸ್ಟಿನಾಳ ನಾಣ್ಯದಲ್ಲಿ ‘ಫೆಕುಂಡಿಟಾಸ್’, ಸಂತಾನಸಮೃದ್ಧಿಯ ದೇವತೆ. ಅವಳು ಹೆತ್ತದ್ದು ಕನಿಷ್ಠ 12 ಮಕ್ಕಳನ್ನು. ಹಲವು ಎಳವೆಯಲ್ಲೇ ಸತ್ತವು. ಸತ್ತ ಮಕ್ಕಳ ಲೆಕ್ಕ ನಾಣ್ಯದ ಮೇಲೆ ಬರುವುದಿಲ್ಲ ಬಿಡಿ. ಬದುಕುಳಿದ ಮಗ ಕಮೋಡಸ್ ಚಕ್ರವರ್ತಿಯಾದ. ಅವನ ಹೆಂಡತಿ ಕ್ರಿಸ್ಪಿನಾಳ ನಾಣ್ಯದಲ್ಲಿ ‘ಕಾಂಕಾರ್ಡಿಯಾ’, ದಾಂಪತ್ಯದ ಸಾಮರಸ್ಯ. ಅವಳನ್ನು ವ್ಯಭಿಚಾರದ ಆರೋಪ ಹೊರಿಸಿ ಕಾಪ್ರಿ ದ್ವೀಪಕ್ಕೆ ಗಡೀಪಾರು ಮಾಡಿ ಕೊಲ್ಲಿಸಿದವನು ಅದೇ ಗಂಡ.

ಈ ಕಂಚಿನ ನಾಣ್ಯಗಳಲ್ಲಿ ದೇವತೆಯ ಅಕ್ಕಪಕ್ಕ ಎರಡು ಅಕ್ಷರ ಇರುತ್ತವೆ: ಎಸ್, ಸಿ. ‘ಸೆನೆಟ್‌ನ ನಿರ್ಣಯದಂತೆ’ ಅಂತ ಅರ್ಥ. ನಾನು ಈ ಚಿತ್ರಗಳಲ್ಲಿ ಮೊದಲು ಹುಡುಕುವುದು ಮುಖವನ್ನಲ್ಲ, ಆ ಎರಡು ಅಕ್ಷರವನ್ನೇ. ಏಕೆಂದರೆ ಆ ಸೆನೆಟ್‌ನಲ್ಲಿ ಹೆಣ್ಣಿಗೆ ಒಂದೂ ಕುರ್ಚಿ ಇರಲಿಲ್ಲ. ವೋಟೂ ಇಲ್ಲ, ಹುದ್ದೆಯೂ ಇಲ್ಲ. ದೇವತೆಯಾದ ಫೌಸ್ಟಿನಾಳಿಗೂ ಇರಲಿಲ್ಲ.

ನಮ್ಮಲ್ಲಿ ವೋಟು ಇದೆ. ನಾಡೂ ದೇವಿ, ನದಿಯೂ ತಾಯಿ. 2023ರಲ್ಲಿ 224 ಕ್ಷೇತ್ರಗಳ ವಿಧಾನಸಭೆಗೆ ಗೆದ್ದು ಬಂದ ಹೆಣ್ಣುಮಕ್ಕಳು 10. ಅದೇ ವರ್ಷ ಸಂಸತ್ತು ಮೂರನೇ ಒಂದು ಭಾಗದ ಮೀಸಲಾತಿಗೆ ಒಪ್ಪಿತು; ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಅಂತ ಅದೇ ತಿದ್ದುಪಡಿಯಲ್ಲಿ ಬರೆಯಿತು.