ಎಳೆಯರ ಲೆಕ್ಕವೂ ನೋಟದ ಶಿಕ್ಷಣವೂ

ಲೆಕ್ಕವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಮಗ್ಗಿ ಮತ್ತು ಸ್ಲೇಟು. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿಸಿ, ನೆಂಟರ ಮುಂದೆ ಹೇಳಿಸಿ ಸಂತೋಷಪಡುವ ತಂದೆತಾಯಿಗಳು ಊರೂರಿನಲ್ಲಿಯೂ ಇದ್ದಾರೆ. ಆ ಸಂತೋಷವನ್ನು ನಾನು ಹಳಿಯುವುದಿಲ್ಲ. ಆದರೆ ನೂರರವರೆಗೆ ಒಪ್ಪಿಸಿದ ಅದೇ ಮಗುವಿನ ಮುಂದೆ ಎಂಟು ಹುಣಿಸೆಬೀಜಗಳನ್ನು ಚೆಲ್ಲಿ 'ಎಷ್ಟಿವೆ?' ಎಂದು ಕೇಳಿ ನೋಡಿರಿ. ಒಂದು ಬೀಜವನ್ನು ಎರಡು ಸಲ ಮುಟ್ಟಿ, ಮತ್ತೊಂದನ್ನು ಬಿಟ್ಟು, ಏಳೆಂದೋ ಹತ್ತೆಂದೋ ಹೇಳುವುದುಂಟು. ಸಂಖ್ಯೆ ಬಾಯಿಗೆ ಬಂದಿದೆ, ಕಣ್ಣಿಗೆ ಇನ್ನೂ ಬಂದಿಲ್ಲ. ಎಳೆಯ ವಯಸ್ಸಿನ ಲೆಕ್ಕದ ಅಭ್ಯಾಸವು ಮೊದಲು ನೋಟದ ಅಭ್ಯಾಸವಾಗಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎಣಿಸುವುದು ನಾವೆಣಿಸಿದಷ್ಟು ಸುಲಭವಾದ ಕೆಲಸವಲ್ಲ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಣಿಕೆಯ ಐದು ತತ್ತ್ವಗಳನ್ನು ಬಿಡಿಸಿ ತೋರಿಸಿದರು. ಅವುಗಳಲ್ಲಿ ಮುಖ್ಯವಾದವು ಮೂರು: ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗಕೂಡದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ. ಇವುಗಳಲ್ಲಿ ಬಾಯಿಪಾಠದಿಂದ ಸಿದ್ಧಿಸುವುದು ಎರಡನೆಯದು ಮಾತ್ರ. ಮೊದಲನೆಯದಕ್ಕೆ ಯಾವುದನ್ನು ಎಣಿಸಿದೆ, ಯಾವುದು ಉಳಿದಿದೆ ಎಂಬ ಎಚ್ಚರದ ನೋಟ ಬೇಕು. ಮೂರನೆಯದಕ್ಕೆ ಬಿಡಿಬಿಡಿಯಾದವನ್ನು ಒಂದು ಗುಂಪಾಗಿ ಕಾಣುವ ನೋಟ ಬೇಕು.

ನೋಟವೆಂದರೆ ಕಣ್ಣು ತೆರೆದಿರುವುದಷ್ಟೇ ಅಲ್ಲ. ಎರಡು ವಸ್ತುಗಳಲ್ಲಿ ಯಾವುದು ಸಮ, ಯಾವುದು ಭಿನ್ನ ಎಂದು ಗುರುತಿಸುವುದು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವುದು, ಕ್ರಮವನ್ನು ಕಂಡು ಮುಂದಿನದನ್ನು ಊಹಿಸುವುದು, ಇವೆಲ್ಲ ಅದರ ಅಂಗಗಳು. ಇವೇ ಗಣಿತದ ಬೇರುಗಳೂ ಹೌದು. ಇದಕ್ಕೆ ಬೆಲೆಬಾಳುವ ಸಾಮಗ್ರಿ ಬೇಕಿಲ್ಲ. ಕಾಳುಗಳನ್ನು ಬೆರೆಸಿಟ್ಟು ಅವರೆ, ಹುರುಳಿ, ಕಡಲೆಗಳನ್ನು ಬೇರೆ ಮಾಡಿಸಬಹುದು. ಹೂ ಕಟ್ಟುವಾಗ ಎರಡು ಮಲ್ಲಿಗೆ, ಒಂದು ಕನಕಾಂಬರ, ಮತ್ತೆ ಎರಡು ಮಲ್ಲಿಗೆ ಎಂದು ಇಟ್ಟು, 'ಈಗ ಯಾವುದು?' ಎಂದು ಕೇಳಬಹುದು. ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸುವ ಮಗು ಆಗಲೇ ಒಂದು ನಿಯಮವನ್ನು ಕಂಡುಕೊಂಡಿರುತ್ತದೆ.

ಅಂಗಳದ ರಂಗೋಲಿಯನ್ನೇ ತೆಗೆದುಕೊಳ್ಳೋಣ. ಸಾಲಿಗೆ 1, 3, 5, 7, 5, 3, 1 ಎಂದು ಚುಕ್ಕಿಯಿಟ್ಟರೆ ಒಟ್ಟು 25 ಚುಕ್ಕಿಗಳಾಗುತ್ತವೆ. ಒಂದು ಚುಕ್ಕಿ ಪಕ್ಕಕ್ಕೆ ಸರಿದರೂ ಎಳೆ ಸೇರುವುದಿಲ್ಲ. ಯಾರೂ ಗದರಿಸದೆಯೇ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ನಡುಸಾಲಿನ ಎರಡು ಕಡೆಗೂ ಚುಕ್ಕಿಗಳು ಒಂದೇ ಕ್ರಮದಲ್ಲಿ ಇಳಿಯುತ್ತವೆಂಬುದನ್ನು ಮಗು ಪುಸ್ತಕಕ್ಕಿಂತ ಮೊದಲೇ ನೆಲದ ಮೇಲೆ ಓದುತ್ತದೆ. ಅಳಗುಳಿಮಣೆಯೂ ಇಂಥದೇ. ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿಗಳು. ನಾಲ್ಕರಂತೆ ತುಂಬಿದರೆ 56 ಬೀಜಗಳು. ಗುಳಿಯೊಂದರ ಬೀಜಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈಯ ಕೊನೆಯ ಬೀಜ ಎಲ್ಲಿ ಬೀಳುವುದೆಂದು ಎತ್ತುವ ಮೊದಲೇ ಕಂಡುಕೊಂಡವರು ಗೆಲ್ಲುತ್ತಾರೆ. ಮೂರು ನಾಲ್ಕು ಬೀಜಗಳ ಗುಂಪನ್ನು ಎಣಿಸದೆ ಒಂದೇ ನೋಟಕ್ಕೆ ಹೇಳುವ ಶಕ್ತಿ ಮನುಷ್ಯನಿಗೆ ಸಹಜವಾಗಿದೆ; ಅದಕ್ಕೂ ಹೆಚ್ಚಾದಾಗ ಐದನ್ನು ಮೂರು ಮತ್ತು ಎರಡಾಗಿ ಒಡೆದು ನೋಡುವ ಜಾಣತನ ಇಂಥ ಆಟಗಳಿಂದ ಬೆಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಮಕ್ಕಳ ಮುಂದೆ ಸಮಸಂಖ್ಯೆಯ ವಸ್ತುಗಳನ್ನು ಎರಡು ಸಾಲಾಗಿ ಇಡುತ್ತಿದ್ದ. ಎರಡೂ ಸಮವೆಂದು ಮಗು ಒಪ್ಪಿದ ಮೇಲೆ ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಿದರೆ, ಆರೇಳು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಅನೇಕರು ಉದ್ದವಾದ ಸಾಲಿನಲ್ಲಿಯೇ ಹೆಚ್ಚು ಇವೆ ಎನ್ನುತ್ತಿದ್ದರು. ಒಂದು ಪಾವು ಅಕ್ಕಿಯನ್ನು ಮೊರದಲ್ಲಿ ಹರಡಿದಾಗ ಹೆಚ್ಚಾಯಿತೆನ್ನುವ ಮಗುವಿನ ಭ್ರಮೆಯೂ ಇದೇ ಜಾತಿಯದು. ಆದರೆ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬ ಸಂಶೋಧಕರು 1974ರಲ್ಲಿ ಈ ಪ್ರಯೋಗವನ್ನು ಕೊಂಚ ಬದಲಿಸಿದರು. ಸಾಲನ್ನು ದೊಡ್ಡವರು ಸರಿಸದೆ, ತುಂಟ ಕರಡಿಬೊಂಬೆಯೊಂದು ಬಂದು ಕೆಡಿಸಿತೆಂದು ಆಡಿ ತೋರಿಸಿದಾಗ, ಎಷ್ಟೋ ಹೆಚ್ಚು ಮಕ್ಕಳು ಸರಿಯಾದ ಉತ್ತರ ಕೊಟ್ಟರು! ದೊಡ್ಡವರು ಬೇಕೆಂದೇ ಸಾಲನ್ನು ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಶಂಕಿಸುತ್ತದೆಂಬುದು ಅವರ ವಿವರಣೆ.

ಇದರಿಂದ ನಾವು ಕಲಿಯಬೇಕಾದ ಪಾಠ ದೊಡ್ಡದು. ಬೆತ್ತಕ್ಕೋ ನಗೆಗೋ ಅಂಜಿದ ಮಗು ಬೀಜವನ್ನು ನೋಡುವುದನ್ನು ಬಿಟ್ಟು ಮೇಷ್ಟರ ಮುಖವನ್ನು ನೋಡತೊಡಗುತ್ತದೆ. ನಮ್ಮ ಬೀದಿಯ ಮಕ್ಕಳಿಗೆ ಸಂಜೆಯ ಹೊತ್ತು ನಾನು ಪಾಠ ಹೇಳುವುದುಂಟು. 'ಎಷ್ಟು?' ಎಂಬುದರೊಡನೆ ನಿಲ್ಲಿಸದೆ 'ಹೇಗೆ ಗೊತ್ತಾಯಿತು, ತೋರಿಸು' ಎಂದಾಗ ಅವರ ದೃಷ್ಟಿ ನನ್ನ ಮುಖದಿಂದ ಇಳಿದು ಮತ್ತೆ ಬೀಜಗಳ ಮೇಲೆ ನಿಲ್ಲುವುದನ್ನು ಕಂಡಿದ್ದೇನೆ. ಉತ್ತರ ಸರಿಯಾಗಿದ್ದಾಗಲೂ ಈ ಪ್ರಶ್ನೆಯನ್ನು ಕೇಳಬೇಕು. ಇಲ್ಲವಾದರೆ ತಪ್ಪಿದವರಿಗೆ ಮಾತ್ರ ಈ ಪ್ರಶ್ನೆಯೆಂದು ಮಕ್ಕಳು ಬೇಗ ತಿಳಿದುಬಿಡುತ್ತಾರೆ.

ಈ ವಿಷಯ ನನಗೆ ಹತ್ತಿರವಾದುದಕ್ಕೆ ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ತಾಯಿಗೆ ಅಕ್ಷರ ಬಾರದು. ಓದಿದವರಿಲ್ಲದ ಮನೆಯಿಂದ ಬರುವ ಮಗು ಬರಿಗೈಯಲ್ಲಿ ಶಾಲೆಗೆ ಬರುತ್ತದೆಂಬ ಮಾತನ್ನು ನಾನು ಅನೇಕ ಸಲ ಕೇಳಿದ್ದೇನೆ. ಆದರೆ ಮೊಳ ಹಾಕಿ ಹೂ ಅಳೆಯುವ, ಪಾವಿನಲ್ಲಿ ಅಕ್ಕಿ ಅಳೆದು ಇಷ್ಟು ಮಂದಿಗೆ ಸಾಕು ಎಂದು ಹೇಳುವ ತಾಯಿಯ ಪಕ್ಕದಲ್ಲಿ ಕುಳಿತ ಮಗು ಬರಿಗೈಯದೆ? ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತನ್ನ ಮೊದಲ 'ಮಕ್ಕಳ ಮನೆ'ಯನ್ನು ತೆರೆದಾಗ, ಅಲ್ಲಿಗೆ ಬಂದವರು ಕೂಲಿಕಾರರ ಮಕ್ಕಳು. ಮುಟ್ಟಿ, ಹೋಲಿಸಿ, ಜೋಡಿಸಿ ಕಲಿತ ಆ ಮಕ್ಕಳ ಪ್ರಗತಿ ಲೋಕದ ಗಮನವನ್ನು ಸೆಳೆಯಿತು. ನಮ್ಮಲ್ಲಿಯೂ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿಕಲಿ' ಪದ್ಧತಿ ಆಟ ಮತ್ತು ಚಟುವಟಿಕೆಗಳ ಮೂಲಕ ಕಲಿಸುವ ದಾರಿಯನ್ನು ಸರಕಾರಿ ಶಾಲೆಗಳಿಗೆ ತೋರಿಸಿತು.

ಹಾಗಾದರೆ ಮಗ್ಗಿ ಬೇಡವೆ? ಖಂಡಿತ ಬೇಕು. ಐದೈದು ಬೀಜಗಳ ಮೂರು ಗುಂಪುಗಳನ್ನು ತಾನೇ ಜೋಡಿಸಿ ನೋಡಿದ ಮಗುವಿಗೆ 'ಐದು ಮೂರಲಿ ಹದಿನೈದು' ಎಂಬುದು ಕಂಡ ಸಂಗತಿಯ ಹೆಸರಾಗುತ್ತದೆ, ಮತ್ತು ಕಂಡದ್ದು ಬೇಗ ಮರೆಯುವುದಿಲ್ಲ. ನಮ್ಮಲ್ಲಿ ಹಲವರು ಮುಂದೆ ಉಪಾಧ್ಯಾಯರಾಗುವವರು. ಉಳಿದವರ ಮನೆಯಲ್ಲಿಯೂ ತಮ್ಮ ತಂಗಿಯರು, ಅಕ್ಕನ ಮಕ್ಕಳು ಇದ್ದೇ ಇರುತ್ತಾರೆ. ಈ ಬೇಸಗೆಯ ರಜೆಯಲ್ಲಿ ಅವರಿಗೆ ನೂರರವರೆಗೆ ಹೇಳಿಸುವ ಮೊದಲು ಒಂದು ಹಿಡಿ ಬೀಜವನ್ನು ಮುಂದಿಟ್ಟು, ಅವರು ಏನನ್ನು ಕಾಣುತ್ತಾರೆಂದು ಕೇಳಿ, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯೋಣ.