ಆಡದವನಿಗೂ ಎರಡನೆಯದು ಬೇಕೆನಿಸಿತಾ?

ಬಿಜಿಎಂಐ ಆಡುವ ಹುಡುಗರು ಮರುದಿನ ಕಟ್ಟೆಯ ಮೇಲೆ ಕೂತು ಹಿಂದಿನ ರಾತ್ರಿಯ ಮ್ಯಾಚ್ ವರ್ಣಿಸುವುದನ್ನು ಕೇಳಿದ್ದೀರಾ? ನಮ್ಮ ಲಕ್ಕಲಕಟ್ಟಿಯಲ್ಲಿ ಇದು ನಿತ್ಯದ ಕಾರ್ಯಕ್ರಮ. ನೂರು ಜನ ಇಳಿದ ಆಟ, ಅರ್ಧ ತಾಸಿನದು. ಅದರಲ್ಲಿ ಮುಕ್ಕಾಲು ಪಾಲು ಬರೀ ಓಡಿದ್ದು, ಮನೆ ಮನೆ ಹೊಕ್ಕು ಗನ್ನು ಆರಿಸಿಕೊಂಡಿದ್ದು, ಹುಲ್ಲಿನಲ್ಲಿ ಮಲಗಿ ಕಾದದ್ದು. ಹೇಳುವವನು ಅದನ್ನೆಲ್ಲ ಬಿಟ್ಟು ಸೀದಾ ಕೊನೆಯ ಎರಡು ನಿಮಿಷಕ್ಕೆ ಬರುತ್ತಾನೆ. ಆ ಗೇಮ್ ಮುಟ್ಟದವರೂ ಬಾಯಿ ತೆರೆದು ಕೇಳುತ್ತಾರೆ. ವಿಡಿಯೊ ಗೇಮನ್ನು ಕಾಮಿಕ್ಸ್ ಮಾಡುವವರ ಕೆಲಸವೂ ಹೆಚ್ಚು ಕಡಿಮೆ ಇದೇ. ಏನನ್ನು ಬಿಡಬೇಕು ಎಂಬುದು ಗೊತ್ತಿಲ್ಲದವರು ಮೊದಲ ಸಂಚಿಕೆಯಲ್ಲೇ ಸಿಕ್ಕಿಬೀಳುತ್ತಾರೆ.

ನನ್ನಂಥವರಿಗೆ ಈ ಕಾಮಿಕ್ಸ್ ಮುಖ್ಯವಾಗಲು ಇನ್ನೊಂದು ಕಾರಣವಿದೆ. ಪ್ಲೇಸ್ಟೇಷನ್‌ಗೆ ಕೊಡುವ ದುಡ್ಡಿನಲ್ಲಿ ಮನೆಗೊಂದು ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ. ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತ ಕೂತವನು ಅಪ್ಪನ ಮುಂದೆ ಅದರ ಹೆಸರೂ ಎತ್ತುವುದಿಲ್ಲ. ಹಾಗಾಗಿ ಜಗತ್ತಿನ ದೊಡ್ಡ ಗೇಮ್‌ಗಳ ಕಥೆ ನನಗೆ ದಕ್ಕುವುದು ಮೊಬೈಲಿನಲ್ಲಿ ಕೊಂಡು ಓದುವ ಕಾಮಿಕ್ಸ್‌ನಿಂದಲೇ. ಆಡಿದವರಿಗೆ ಅದು ನೆನಪು, ನಮಗೆ ಅದೇ ಬಾಗಿಲು. ಆದ್ದರಿಂದ ಮೊದಲ ಸಂಚಿಕೆಗೆ ನಾನು ಕೇಳುವ ಪ್ರಶ್ನೆ ಒಂದೇ: ಆಡದವನಿಗೂ ಎರಡನೆಯದು ಬೇಕೆನಿಸಿತಾ?

ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದದ್ದು ‘ದಿ ಲಾಸ್ಟ್ ಆಫ್ ಅಸ್: ಅಮೆರಿಕನ್ ಡ್ರೀಮ್ಸ್’. 2013ರ ಏಪ್ರಿಲ್‌ನಲ್ಲಿ ಡಾರ್ಕ್ ಹಾರ್ಸ್ ಇದರ ಮೊದಲ ಸಂಚಿಕೆ ತಂದಾಗ ಗೇಮ್ ಇನ್ನೂ ಬಿಡುಗಡೆಯೇ ಆಗಿರಲಿಲ್ಲ. ಅದು ಬಂದದ್ದು ಜೂನ್‌ನಲ್ಲಿ. ಅಂದರೆ ಓದುಗರೆಲ್ಲ ಆಗ ನಮ್ಮ ಹಾಗೇ ಆಡದವರು! ಗೇಮ್ ಬರೆದ ನೀಲ್ ಡ್ರಕ್‌ಮನ್ ಜೊತೆ ಫೇತ್ ಎರಿನ್ ಹಿಕ್ಸ್ ಕಥೆ ಹೆಣೆದು, ಚಿತ್ರವನ್ನೂ ಅವರೇ ಬರೆದರು. ಗೇಮಿನ ತುಂಬ ಸೋಂಕಿತರು, ಗುಂಡು, ರಕ್ತ. ಸಂಚಿಕೆ ಮಾತ್ರ 13 ವರ್ಷದ ಎಲ್ಲಿ ಎಂಬ ಹುಡುಗಿ ಹೊಸ ಮಿಲಿಟರಿ ಶಾಲೆಗೆ ಬಂದಿಳಿಯುವುದರಿಂದ ಶುರುವಾಗುತ್ತದೆ. ಅವಳ ಹತ್ತಿರ ಒಂದು ವಾಕ್‌ಮನ್ ಇದೆ, ಅದರ ಮೇಲೆ ಉಳಿದವರ ಕಣ್ಣಿದೆ. ಜಗಳ ಹತ್ತುತ್ತದೆ, ರೈಲಿ ಎಂಬ ದೊಡ್ಡ ಹುಡುಗಿಯ ಪರಿಚಯವಾಗುತ್ತದೆ. ಜಗತ್ತು ಹೇಗೆ ಹಾಳಾಯಿತು ಎಂಬ ಭಾಷಣವಿಲ್ಲ. ಹಾಸ್ಟೆಲ್ ಸೇರಿದ ಮೊದಲ ದಿನ ಹೇಗಿರುತ್ತದೆ ಎಂದು ಗೊತ್ತಿರುವ ಯಾರಿಗೂ ಅದು ಬೇಕಾಗುವುದೂ ಇಲ್ಲ.

ಪಿಯುಸಿ ಓದುವ ನನ್ನ ತಂಗಿಗೆ ಇದನ್ನು ಕೊಟ್ಟು ನೋಡಿದೆ. ಗೇಮ್ ಎಂದರೆ ಅವಳಿಗೆ ಅಲರ್ಜಿ, ಇಂಗ್ಲಿಷ್ ಅರ್ಧಂಬರ್ಧ. ಅರ್ಧಕ್ಕೆ ಬಂದವಳು, ‘ಅಣ್ಣಾ, ಈ ಹುಡುಗಿಗೆ ತಾಯಿ ತಂದಿ ಯಾರೂ ಇಲ್ಲೇನು?’ ಎಂದಳು. ಮುಗಿಸಿದ ಮೇಲೆ, ‘ಮುಂದಿಂದು ಐತೇನು?’ ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಬರೆಯಲು ಬರುವುದಿಲ್ಲ. ನೀವೂ ಹೀಗೆ ಮಾಡಿ ನೋಡಬಹುದು. ಮಾತಿನ ಬಲೂನುಗಳನ್ನು ಬೆರಳಿನಿಂದ ಮುಚ್ಚಿ ಪುಟ ತಿರುಗಿಸಿ. ಯಾರು ಯಾರಿಗೆ ಹೆದರುತ್ತಿದ್ದಾರೆ, ಯಾರು ಯಾರನ್ನು ಕೆಣಕುತ್ತಿದ್ದಾರೆ ಎಂಬುದು ಮುಖ, ಮೈ, ನಿಂತ ಅಂತರದಲ್ಲೇ ತಿಳಿಯಬೇಕು. ಮೊಬೈಲಿನಲ್ಲಿ ಓದುವಾಗ ಒಂದೊಂದೇ ಚೌಕಟ್ಟು ದೊಡ್ಡದಾಗಿ ಬರುವ ಸೌಲಭ್ಯವಿರುತ್ತದಲ್ಲ, ಮೊದಲ ಓದಿಗೆ ಅದನ್ನು ಬಂದ್ ಮಾಡಿಡಿ. ಚಿತ್ರಕಾರ ಇಡೀ ಪುಟವನ್ನು ಕೂಡಿಸಿದ ರೀತಿಯೇ ಅದರಲ್ಲಿ ಕಾಣುವುದಿಲ್ಲ.

ಗೇಮಿನಲ್ಲಿ ನೀವು ಹತ್ತು ಸಲ ಸತ್ತು ಹನ್ನೊಂದನೆಯ ಸಲ ಗೆಲ್ಲಬಹುದು. ಬೆವರಿದ ಹೆಬ್ಬೆರಳೇ ಅಲ್ಲಿ ರೋಮಾಂಚನ. ಕಾಮಿಕ್ಸ್‌ನಲ್ಲಿ ನಾಯಕ ಸತ್ತರೆ ಸತ್ತ, ಓದುಗನ ಕೈಯಲ್ಲಿರುವುದು ಪುಟ ತಿರುಗಿಸುವುದೊಂದೇ. ಆ ರೋಮಾಂಚನದ ಜಾಗದಲ್ಲಿ ಬೇರೇನನ್ನು ಇಡುತ್ತಾರೆ ಎಂಬುದನ್ನು ನೋಡಬೇಕು. ಅದೇ 2013ರಲ್ಲಿ ಬಂದ ‘ಇನ್‌ಜಸ್ಟಿಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಗೇಮ್ ಎಂದರೆ ಸೂಪರ್‌ಹೀರೊಗಳ ಹೊಡೆದಾಟ. ಸೂಪರ್‌ಮ್ಯಾನ್ ಸರ್ವಾಧಿಕಾರಿಯಾಗಿಬಿಟ್ಟಿದ್ದಾನೆ, ಅವನನ್ನು ಇಳಿಸಬೇಕು. ಕಾಮಿಕ್ಸ್ ಬರೆದ ಟಾಮ್ ಟೇಲರ್ ಐದು ವರ್ಷ ಹಿಂದಕ್ಕೆ ಹೋದರು. ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ಗೆ ಹೆಂಡತಿ ಲೂಯಿಸ್‌ಳ ಎದೆಬಡಿತದ ಜೊತೆ ಇನ್ನೊಂದು ಪುಟ್ಟ ಬಡಿತ ಕೇಳಿಸುತ್ತದೆ. ಅವನು ಅಪ್ಪನಾಗಲಿದ್ದಾನೆ. ಮುಂದೆ ಏನಾಗಲಿದೆ ಎಂಬುದು ಆಡಿದವರಿಗೆ ಗೊತ್ತು, ಅವರ ಹೊಟ್ಟೆಯಲ್ಲಿ ಸಂಕಟ. ಗೊತ್ತಿಲ್ಲದವರಿಗೆ ಬರೀ ಸಂತೋಷ. ಇಬ್ಬರಿಗೂ ಮುಂದಿನದು ಬೇಕು.

ಮಾರಾಟದ ಲೆಕ್ಕ ನೋಡಿ ತೀರ್ಪು ಕೊಡುವವರಿದ್ದಾರೆ. ಟಾಪ್ ಕೌ ಪ್ರಕಟಿಸಿದ ‘ಟೂಂಬ್ ರೈಡರ್’ ಮೊದಲ ಸಂಚಿಕೆ ಅಮೆರಿಕದಲ್ಲಿ 1999ರ ಅತಿ ಹೆಚ್ಚು ಮಾರಾಟವಾದ ಕಾಮಿಕ್ಸ್. ಆದರೆ ಒಂದನೇ ನಂಬರನ್ನು ಕೊಳ್ಳುವವರಲ್ಲಿ ಕಪಾಟಿನಲ್ಲಿಡಲು ಕೊಳ್ಳುವವರೂ ಬಹಳ. ನಂಬರಿನ ಮಾತು ಬಂದಿತೆಂದು ಹೇಳುತ್ತೇನೆ, ನಮ್ಮ ಅಮರ ಚಿತ್ರಕಥೆ ಶುರುವಾದದ್ದು ಬೆಂಗಳೂರಿನಲ್ಲಿ, ಕನ್ನಡದಲ್ಲಿ. 1965ರ ಹೊತ್ತಿಗೆ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಬಂದ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ ಥರದ ಪರದೇಶಿ ಕಥೆಗಳು. ದೇಶವೆಲ್ಲ ಮೊದಲನೆಯದು ಎಂದುಕೊಂಡಿರುವ ‘ಕೃಷ್ಣ’ ಲೆಕ್ಕದಲ್ಲಿ ಹನ್ನೊಂದನೆಯದು!

ಇನ್ನು ‘ಅಸಾಸಿನ್ಸ್ ಕ್ರೀಡ್: ಬ್ರಹ್ಮನ್’. ಇದು ಸರಣಿಯಲ್ಲ, 2013ರಲ್ಲೇ ಬಂದ ಒಂಟಿ ಪುಸ್ತಕ. ಆದರೆ ಗೇಮಿನ ಜಗತ್ತಿಗೆ ಅರ್ಬಾಜ್ ಮೀರ್ ಎಂಬ ಭಾರತದ ನಾಯಕನನ್ನು ಮೊದಲು ತಂದದ್ದು ಇದೇ. 1839ರ ಪಂಜಾಬ್, ಮಹಾರಾಜ ರಣಜಿತ್ ಸಿಂಗ್, ಕೊಹಿನೂರ್ ವಜ್ರ. ಇಂದಿನ ಕಾಲದ ಭಾಗದಲ್ಲಿ ಬರುವ ಕಂಪನಿಯ ಹೆಸರು ಮೈಸೂರ್‌ಟೆಕ್. ಕನ್ನಡಿಗನಿಗೆ ಖುಷಿಯಾಗದೆ ಇದ್ದೀತೇ? ಆದರೆ ಖುಷಿ ಬೇರೆ, ತೀರ್ಪು ಬೇರೆ. ಚಿತ್ರಗಳು ಕಣ್ಣು ತುಂಬುತ್ತವೆ. ಕಥೆ ಮಾತ್ರ ಇಂದಿನಿಂದ ಅಂದಿಗೆ, ಅಂದಿನಿಂದ ಇಂದಿಗೆ ಹಾರುತ್ತಲೇ ಇರುತ್ತದೆ. ಹಿರಿಯರ ನೆನಪಿನೊಳಕ್ಕೆ ಇಳಿಯುವ ಯಂತ್ರ, ಅದರ ಹಿಂದಿನ ಕಂಪನಿಯ ಪಿತೂರಿ, ಇವೆಲ್ಲ ಗೇಮ್ ಆಡಿದವರಿಗೆ ಬಾಯಿಪಾಠ. ಉಳಿದವರು ಬೇರೆಯವರ ಮನೆಯ ಜಗಳ ಕೇಳಿದಂತೆ ಕೇಳಬೇಕು.

‘ಎಲ್ಲವನ್ನೂ ವಿವರಿಸಿದರೆ ಅಭಿಮಾನಿಗಳಿಗೆ ಬೇಸರ, ಬಿಟ್ಟರೆ ಮೂಲಕ್ಕೆ ದ್ರೋಹ’ ಎಂದು ಗೇಮ್ ಆಡುವ ಗೆಳೆಯನೊಬ್ಬ ವಾದಿಸುತ್ತಾನೆ. ನಮ್ಮ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ಕುಮಾರವ್ಯಾಸ ಹತ್ತೇ ಪರ್ವಕ್ಕೆ ನಿಲ್ಲಿಸಿದ. ವ್ಯಾಸರದು ಹದಿನೆಂಟು. ಉಳಿದ ಎಂಟು ಎಲ್ಲಿ ಎಂದು ಗಮಕ ಕೇಳಲು ಕೂತವರು ಯಾರೂ ತಕರಾರು ತೆಗೆದಿಲ್ಲ.

‘ಬ್ರಹ್ಮನ್’ ಅನ್ನೂ ತಂಗಿಗೆ ಕೊಟ್ಟಿದ್ದೆ. ‘ಇದು ಈಗಿಂದೋ, ಆಗಿಂದೋ?’ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಕೇಳದೆ ಮೊಬೈಲ್ ವಾಪಸ್ ಕೊಟ್ಟಳು. ಅರ್ಬಾಜ್ ಮೀರ್‌ನೇ ನಾಯಕನಾಗಿರುವ ಗೇಮೇ 2016ರಲ್ಲಿ ಬಂದಿದೆ ಎಂದರೂ ಅವಳು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ‘ಅಮೆರಿಕನ್ ಡ್ರೀಮ್ಸ್’ನ ನಾಲ್ಕೂ ಸಂಚಿಕೆ ಒಂದೇ ವಾರದಲ್ಲಿ ಮುಗಿದವು.